ಹಳೆಯ ಟ್ಯಾಬ್ಲೆಟ್ಟಿನ ಉಳಿದ ಆಯುಸ್ಸು

ಹಳೆಯ ಸಾಮಾನು ಕೊಳ್ಳುವುದನ್ನು ಅವಮಾನವೆಂದು ತಿಳಿಯುವ ಊರುಗಳ ಸಾಲಿಗೆ ಅಹಮದಾಬಾದ್ ಸೇರಿದುದಲ್ಲ. ಸಾಬರಮತಿಯ ಪೂರ್ವ ದಂಡೆಯಲ್ಲಿ, 1892ರಲ್ಲಿ ಕಟ್ಟಿದ ಎಲ್ಲಿಸ್ ಸೇತುವೆಗೆ ಅನತಿದೂರದಲ್ಲಿ, ಭಾನುವಾರ ಭಾನುವಾರಕ್ಕೆ ನೆರೆಯುವ ಗುಜರಿ ಬಜಾರು, ಊರಿನವರ ಬಾಯಲ್ಲಿ ‘ರವಿವಾರಿ’, ನಗರವನ್ನು ಸ್ಥಾಪಿಸಿದ ಸುಲ್ತಾನ ಅಹಮದ್ ಶಾಹನ ಕಾಲದಿಂದ, ಎಂದರೆ ಹದಿನೈದನೆಯ ಶತಮಾನದಿಂದ, ನಡೆದುಬಂದಿದೆಯೆಂದು ಐತಿಹ್ಯ. ನದೀತೀರದ ಅಭಿವೃದ್ಧಿಯ ಯೋಜನೆ ಬಂದು ಹಳೆಯ ಮರಳ ದಂಡೆ ಹೋಗಿ ಕಾಂಕ್ರೀಟಿನ ಕಟ್ಟೆಗಳು ಎದ್ದಿವೆಯಾದರೂ ಅಲ್ಲಿಯ ವ್ಯಾಪಾರದ ಸ್ವಭಾವ ಮಾತ್ರ ಬದಲಾಗಿಲ್ಲ. ಮಂಚ, ಬಡಗಿಯ ಉಳಿ, ಹಿತ್ತಾಳೆಯ ಪಾತ್ರೆ, ಕಳೆದ ವರ್ಷದ ಪರೀಕ್ಷೆಯ ಪುಸ್ತಕ, ಮೇಕೆ, ಇವುಗಳ ನಡುನಡುವೆ ಚಾರ್ಜರುಗಳ ರಾಶಿಯೂ ಗಾಜೊಡೆದ ಮೊಬೈಲುಗಳೂ ಒಮ್ಮೊಮ್ಮೆ ಒಂದೆರಡು ಟ್ಯಾಬ್ಲೆಟ್ಟುಗಳೂ ಕಣ್ಣಿಗೆ ಬೀಳುತ್ತವೆ. ಆದರೆ ಟ್ಯಾಬ್ಲೆಟ್ಟನ್ನೇ ಅರಸಿ ಹೊರಟವನು ಹೋಗತಕ್ಕ ಸ್ಥಳಗಳು ಬೇರೆ: ಅಹಮದಾಬಾದಿನಲ್ಲಿ ರಿಲೀಫ್ ರೋಡಿನ ಮಳಿಗೆಗಳು, ಸೂರತ್ತಿನಲ್ಲಿ ಜನತಾ ಮಾರ್ಕೆಟ್ಟು, ವಡೋದರದಲ್ಲಿ ಹಳೆಯ ಪೇಟೆಯ ಮೊಬೈಲ್ ಅಂಗಡಿಗಳು.

ಈ ಮೂರು ನಗರಗಳಲ್ಲಿ ಕನ್ನಡದ ಕುಟುಂಬಗಳು ಕಡಿಮೆಯೇನಲ್ಲ. ಉಡುಪಿ, ಮಂಗಳೂರುಗಳ ಕಡೆಯಿಂದ ಹೋಟೆಲಿನ ಉದ್ಯೋಗಕ್ಕೆಂದು ಬಂದವರು, ಕಾರ್ಖಾನೆ ಬ್ಯಾಂಕುಗಳ ನೌಕರಿಗೆ ವರ್ಗವಾಗಿ ಬಂದು ನೆಲೆಸಿದವರು, ಅಹಮದಾಬಾದಿನ ಭೌತ ಸಂಶೋಧನಾಲಯದಲ್ಲಿ ಅದಮಾರಿನ ಯು. ಆರ್. ರಾಯರು ವಿಕ್ರಮ್ ಸಾರಾಭಾಯಿಯವರ ಶಿಷ್ಯರಾಗಿ ಕುಳಿತ ಕಾಲದಿಂದ ವಿಜ್ಞಾನದ ದಾರಿ ಹಿಡಿದು ಬಂದವರು, ಹೀಗೆ ನಾನಾ ಬಗೆಯವರಿದ್ದಾರೆ. ಅವರಲ್ಲಿ ಮಧ್ಯಮ ವರ್ಗದ ಗೃಹಸ್ಥನೊಬ್ಬನ ಚಿಂತೆ ಗುಜರಾತಿಯಾದ ಅವನ ನೆರೆಯವನ ಚಿಂತೆಗಿಂತ ಭಿನ್ನವಾದುದಲ್ಲ. ಮಗಳು ಹತ್ತನೆಯ ತರಗತಿಗೆ ಬಂದಿದ್ದಾಳೆ. ಪಾಠಗಳ ವಿಡಿಯೋ, ಪ್ರಶ್ನಪತ್ರಿಕೆಗಳ ಪಿಡಿಎಫ್, ಟ್ಯೂಷನ್ನಿನವರ ವಾಟ್ಸಾಪ್ ಗುಂಪು, ಎಲ್ಲವೂ ಅಂಗೈಯಗಲದ ಮೊಬೈಲಿನಲ್ಲಿ. ಕಣ್ಣಿಗೆ ಶ್ರಮ, ತಂದೆಗೆ ತನ್ನ ಫೋನು ಕೈಗೆ ಸಿಗದೆಂಬ ಕಷ್ಟ. ಹೀಗಿರಲು ಒಂದು ಟ್ಯಾಬ್ ಬೇಕು, ಹತ್ತು ಸಾವಿರ ರೂಪಾಯಿಗೆ ಮೇಲೆ ಹೋಗಲಾಗದು. ಆಪಲ್ ಸಂಸ್ಥೆಯ ಅತ್ಯಂತ ಅಗ್ಗದ ಹೊಸ ಐಪ್ಯಾಡ್ 2025ರಲ್ಲಿ ಬಂದಾಗ ಅದರ ಬೆಲೆ 34,900 ರೂ. ಆದುದರಿಂದ ಆತನ ಮುಂದೆ ಉಳಿಯುವ ಮಾರ್ಗಗಳು ಎರಡೇ: ಹೆಸರು ಕೇಳಿರದ ತಯಾರಕನ ಅಗ್ಗದ ಹೊಸ ಟ್ಯಾಬ್, ಇಲ್ಲವೆ ಹೆಸರಾಂತ ತಯಾರಕನ ಹಳೆಯ ಟ್ಯಾಬ್.

ಈ ಎರಡರಲ್ಲಿ ಎರಡನೆಯದೇ ಮೇಲೆಂಬುದು ನನ್ನ ಅಭಿಪ್ರಾಯ. ಅಗ್ಗದ ಹೊಸದರಲ್ಲಿ ಪರದೆಯ ಬಣ್ಣ ಮಂಕು, ನೆನಪಿನ ಶಕ್ತಿ ಅಲ್ಪ, ಪೆಟ್ಟಿಗೆಯಿಂದ ಹೊರತೆಗೆದ ದಿನವೇ ಅದರ ಆಂಡ್ರಾಯ್ಡ್ ಹಳೆಯದಾಗಿರುವುದೂ ಉಂಟು. ಬಂದಮೇಲೆ ಅದಕ್ಕೆ ಪರಿಷ್ಕರಣವೆಂಬುದು ಬರುವುದೇ ದುರ್ಲಭ. ನಾಲ್ಕು ವರ್ಷ ಬಾಳಿದ ಒಳ್ಳೆಯ ಯಂತ್ರ ಅದಕ್ಕಿಂತ ಎಷ್ಟೋ ವಾಸಿ. ಆದರೆ ಈ ಅಭಿಪ್ರಾಯಕ್ಕೆ ಒಂದು ಷರತ್ತುಂಟು. ಬೆಂಗಳೂರಿನ ಅವೆನ್ಯೂ ರಸ್ತೆಯ ಕಾಲುದಾರಿಯಲ್ಲಿ ಹಳೆಯ ನಿಘಂಟನ್ನು ಅರ್ಧ ಬೆಲೆಗೆ ಕೊಂಡವನಿಗೆ ಅದರ ಅಕ್ಷರಗಳಲ್ಲಿ ಒಂದೂ ಕಡಿಮೆಯಾಗಿ ಬರುವುದಿಲ್ಲ; ಮೊದಲ ಒಡೆಯನು ಓದಿದನೋ ಓದದೆ ಕಪಾಟಿನಲ್ಲಿಟ್ಟನೋ, ಎರಡನೆಯವನಿಗೆ ಸಿಗುವ ಪುಸ್ತಕ ಪೂರ್ತಿಯಾದುದೇ. ಟ್ಯಾಬ್ಲೆಟ್ಟಿನ ಧರ್ಮ ಬೇರೆ. ಅದನ್ನು ಬಳಸಿದರೂ ಸವೆಯುತ್ತದೆ, ಬಳಸದಿದ್ದರೂ ಸವೆಯುತ್ತದೆ. ಗಾಜು ಹೊಳೆಯುತ್ತಿರುವಾಗಲೇ ಒಳಗಿನ ಬ್ಯಾಟರಿ ವಯಸ್ಸಾಗುತ್ತಿರುತ್ತದೆ. ಬ್ಯಾಟರಿ ಗಟ್ಟಿಯಾಗಿರುವಾಗಲೇ ಸಮುದ್ರದಾಚೆಯ ಒಂದು ಕಛೇರಿಯಲ್ಲಿ ‘ಈ ಮಾದರಿಗೆ ಇನ್ನು ಹೊಸ ತಂತ್ರಾಂಶವಿಲ್ಲ’ ಎಂಬ ನಿರ್ಣಯವಾಗಿಬಿಡುತ್ತದೆ. ಹಳೆಯ ಟ್ಯಾಬ್ ಕೊಳ್ಳುವವನು ವಸ್ತುತಃ ಕೊಳ್ಳುವುದು ಉಳಿದಿರುವ ಕಾಲವನ್ನು. ಅಂಗಡಿಯಲ್ಲಿ ಎಲ್ಲ ಮಾತೂ ನಡೆಯುತ್ತದೆ, ಈ ಒಂದು ಮಾತನ್ನುಳಿದು.

ಉದಾಹರಣೆಯೊಂದನ್ನು ವಿಸ್ತಾರವಾಗಿಯೇ ಹೇಳುವುದು ಒಳ್ಳೆಯದು. ಆಪಲ್ ಸಂಸ್ಥೆ 2019ರಲ್ಲಿ ಏಳನೆಯ ಪೀಳಿಗೆಯ ಐಪ್ಯಾಡನ್ನೂ 2020ರಲ್ಲಿ ಎಂಟನೆಯದನ್ನೂ 2021ರಲ್ಲಿ ಒಂಬತ್ತನೆಯದನ್ನೂ ಹೊರತಂದಿತು. ಮೂರಕ್ಕೂ 10.2 ಅಂಗುಲದ ಪರದೆ, ಮೂರಕ್ಕೂ ಕೆಳಗೆ ಅದೇ ಗುಂಡು ಬಟನ್, ಅದೇ ಅಂಚು, ಅದೇ ಬೆನ್ನು. ಪಕ್ಕಪಕ್ಕದಲ್ಲಿಟ್ಟರೆ ಅಣ್ಣತಮ್ಮಂದಿರಲ್ಲಿ ಯಾರು ಹಿರಿಯರೆಂದು ಬಲ್ಲವರೂ ಒಂದು ಕ್ಷಣ ತಡಬಡಿಸಬೇಕು. ಆದರೆ 2025ರ ಸೆಪ್ಟೆಂಬರಿನಲ್ಲಿ ಐಪ್ಯಾಡ್‌ಓಎಸ್ 26 ಬಿಡುಗಡೆಯಾದಾಗ ಅದು ಎಂಟನೆಯದಕ್ಕೂ ಒಂಬತ್ತನೆಯದಕ್ಕೂ ದೊರೆಯಿತು, ಏಳನೆಯದಕ್ಕೆ ದೊರೆಯಲಿಲ್ಲ. ಅದರ ಒಳಗಿರುವ ಚಿಪ್ಪು ಎ10, ಕಿರಿಯವರ ಚಿಪ್ಪುಗಳು ಎ12 ಮತ್ತು ಎ13. ಹೊರಗೆ ಕಾಣದ ಈ ವ್ಯತ್ಯಾಸವನ್ನು ತಿಳಿಸುವ ಸಾಕ್ಷಿ ಬೆನ್ನಿನ ಮೇಲೆ ಸಾಸಿವೆಯಷ್ಟು ಸಣ್ಣ ಅಕ್ಷರಗಳಲ್ಲಿ ಕೆತ್ತಿರುವ ಮಾದರಿ ಸಂಖ್ಯೆ: ವೈಫೈ ಮಾತ್ರ ಇರುವ ಏಳನೆಯದಕ್ಕೆ ಎ2197, ಎಂಟನೆಯದಕ್ಕೆ ಎ2270, ಒಂಬತ್ತನೆಯದಕ್ಕೆ ಎ2602. ಬೆನ್ನಿಗೆ ಕವಚ ಹಾಕಿಯೇ ತೋರಿಸುವ ಅಂಗಡಿಯವನಿಗೆ ‘ಭಾಯಿ, ಕವರ್ ತೆಗೆಯಿರಿ’ ಎಂದು ವಿನಯದಿಂದ ಹೇಳಿ, ಮೊಬೈಲಿನ ಕ್ಯಾಮರಾದಲ್ಲಿ ಆ ಅಕ್ಷರಗಳನ್ನು ಹಿಗ್ಗಿಸಿ ಓದಿಕೊಳ್ಳಬೇಕು. ಹೊಸ ತಂತ್ರಾಂಶ ನಿಂತ ಮಾತ್ರಕ್ಕೆ ಯಂತ್ರ ಮಾರನೆಯ ದಿನವೇ ಸಾಯುವುದಿಲ್ಲವೆಂಬುದನ್ನೂ ಇಲ್ಲಿ ನ್ಯಾಯವಾಗಿ ಹೇಳಬೇಕು. ಕೆಲಕಾಲ ರಕ್ಷಣೆಯ ತೇಪೆಗಳು ಬರುತ್ತಿರುತ್ತವೆ, ಆಮೇಲೆ ಬ್ಯಾಂಕಿನ ಆ್ಯಪು, ಪಾಠದ ಆ್ಯಪು, ಒಂದೊಂದಾಗಿ ‘ನಿಮ್ಮ ಸಾಧನ ಹೊಂದುವುದಿಲ್ಲ’ ಎಂದು ಕೈಬಿಡುತ್ತವೆ. 2025ರ ಆರಂಭದಲ್ಲಿ ವಾಟ್ಸಾಪು ಆಂಡ್ರಾಯ್ಡ್ 4ರ ಯಂತ್ರಗಳನ್ನು ಹೀಗೆಯೇ ಕೈಬಿಟ್ಟಿತು.

ಆಂಡ್ರಾಯ್ಡಿನ ಕಡೆ ಗೊಂದಲ ಇನ್ನೊಂದು ಬಗೆಯದು. ಸ್ಯಾಮ್‌ಸಂಗಿನವರ ಗ್ಯಾಲಕ್ಸಿ ಟ್ಯಾಬ್ ಎಸ್6 ಲೈಟ್ ಎಂಬುದು 2020ರಲ್ಲಿ ಬಂದಿತು, 2022ರಲ್ಲಿ ಒಳಗಿನ ಚಿಪ್ಪು ಬದಲಾಗಿ ಅದೇ ಹೆಸರಿನಿಂದ ಬಂದಿತು, 2024ರಲ್ಲಿ ಮತ್ತೂ ಒಮ್ಮೆ ಅದೇ ಹೆಸರಿನಿಂದಲೇ ಬಂದಿತು. ‘ಎಸ್6 ಲೈಟ್, ಹನ್ನೊಂದು ಸಾವಿರ’ ಎಂದು ಅಂಗಡಿಯವನು ಹೇಳಿದರೆ ಅವನು ಸುಳ್ಳು ಹೇಳಿದಂತಾಗಲಿಲ್ಲ. ಕೊಂಡವನಿಗೆ ಸತ್ಯ ತಿಳಿದಂತೆಯೂ ಆಗಲಿಲ್ಲ.

ಆದುದರಿಂದ ಬೆಲೆಯನ್ನು ಅಳೆಯುವ ಕ್ರಮವೇ ಬದಲಾಗಬೇಕು. ಹೊಸದರ ಬೆಲೆ ಇಷ್ಟು, ಇದು ಅದರ ಅರ್ಧ, ಆಹಾ ಎಷ್ಟು ಲಾಭ ಎಂಬ ಲೆಕ್ಕ ಮೋಹದ ಲೆಕ್ಕ. ಹತ್ತು ಸಾವಿರ ಕೊಟ್ಟು ಇನ್ನು ಮೂರು ವರ್ಷ ನಿಶ್ಚಿಂತೆಯಿಂದ ನಡೆಯುವ ಟ್ಯಾಬ್ ಕೊಂಡರೆ ತಿಂಗಳಿಗೆ ಸುಮಾರು 278 ರೂ. ಬೀಳುತ್ತದೆ, ಆರೇ ಸಾವಿರಕ್ಕೆ ದೊರೆತು ಎಂಟು ತಿಂಗಳಲ್ಲಿ ಕೆಲಸಕ್ಕೆ ಬಾರದಾಗುವುದನ್ನು ಕೊಂಡರೆ ತಿಂಗಳಿಗೆ 750 ರೂ. ವ್ಯಾಪಾರವನ್ನು ರಕ್ತದಲ್ಲಿಟ್ಟುಕೊಂಡ ಈ ಊರುಗಳಲ್ಲಿ, ಬಡ್ಡಿಯನ್ನು ದಿನದ ಲೆಕ್ಕದಲ್ಲಿ ಬಾಯಿಗಣಿತವಾಗಿ ಹೇಳಬಲ್ಲವರ ನಡುವೆ, ಇಷ್ಟು ಸರಳವಾದ ಭಾಗಾಕಾರ ಟ್ಯಾಬ್ಲೆಟ್ಟಿನ ಅಂಗಡಿಯಲ್ಲಿ ಮಾತ್ರ ಏಕೆ ಮರೆತುಹೋಗುತ್ತದೆಯೋ ನಾನರಿಯೆ.

ಬ್ಯಾಟರಿಯ ವಿಷಯ ಗುಜರಾತಿನಲ್ಲಿ ವಿಶೇಷ ಗಮನಕ್ಕೆ ಅರ್ಹವಾದುದು. ಲಿಥಿಯಂ ಬ್ಯಾಟರಿಯ ಪರಮ ಶತ್ರು ಸೆಕೆ. ಐಪ್ಯಾಡನ್ನು ಬಳಸತಕ್ಕ ಉಷ್ಣತೆ 35 ಡಿಗ್ರಿಯವರೆಗೆ, ಸುಮ್ಮನೆ ಇಡತಕ್ಕ ಉಷ್ಣತೆ 45 ಡಿಗ್ರಿಯವರೆಗೆ ಎಂದು ಅದರ ತಯಾರಕರೇ ಹೇಳಿದ್ದಾರೆ. ಅಹಮದಾಬಾದಿನಲ್ಲಿಯಾದರೋ 2016ರ ಮೇ 20ರಂದು 48 ಡಿಗ್ರಿ ದಾಖಲಾಯಿತು. ಮೇ ತಿಂಗಳ ಬಿಸಿಲಲ್ಲಿ ರವಿವಾರಿಯ ಬಯಲಿನಲ್ಲಿ ಹಾಸಿದ ಗೋಣಿಯ ಮೇಲೆ ಮಧ್ಯಾಹ್ನದವರೆಗೆ ಬಿದ್ದಿರುವ ಟ್ಯಾಬ್ಲೆಟ್ಟು ಎಷ್ಟೇ ಅಗ್ಗವಾಗಿರಲಿ, ಅದನ್ನು ಬಿಟ್ಟುಬರುವುದೇ ವಿವೇಕ. ಅಂಗಡಿಯೊಳಗಿನದನ್ನಾದರೂ ಗಾಜಿನ ಮೇಜಿನ ಮೇಲೆ ಬೋರಲಾಗಿ, ಆಮೇಲೆ ಮೇಲ್ಮುಖವಾಗಿ ಇಟ್ಟು ಮೂಲೆಯನ್ನು ಬೆರಳಿನಿಂದ ಒತ್ತಿ ನೋಡಬೇಕು; ತೂಗಾಡಿದರೆ, ಅಥವಾ ಪರದೆಯ ಅಂಚು ಚೌಕಟ್ಟಿನಿಂದ ಕೂದಲೆಳೆಯಷ್ಟು ಮೇಲೆದ್ದಿದ್ದರೆ, ಒಳಗಿನ ಬ್ಯಾಟರಿ ಉಬ್ಬಿದೆಯೆಂದು ಅರ್ಥ. ಅದರಲ್ಲಿ ಬೆಲೆಯ ಚೌಕಾಸಿಗೆ ಅವಕಾಶವೇ ಇಲ್ಲ. ಉಬ್ಬಿದ ಬ್ಯಾಟರಿ ಬೆಂಕಿಯ ಅಪಾಯ.

ಮಿಕ್ಕ ಪರೀಕ್ಷೆಗಳಲ್ಲಿ ಅತ್ಯಂತ ಮುಖ್ಯವಾದುದು ಬೀಗದ ಪರೀಕ್ಷೆ. ಕಳವು ತಪ್ಪಿಸಲೆಂದು ಆಪಲ್ 2013ರಿಂದಲೂ ಆಂಡ್ರಾಯ್ಡ್ 2015ರಿಂದಲೂ ಯಂತ್ರವನ್ನು ಅದರ ಒಡೆಯನ ಖಾತೆಗೆ ಕಟ್ಟಿಹಾಕುವ ಏರ್ಪಾಡನ್ನು ಮಾಡಿವೆ; ಆ ಒಡೆಯನು ತನ್ನ ಖಾತೆಯನ್ನು ತೆಗೆಯದಿದ್ದರೆ ಕೊಂಡವನ ಕೈಯಲ್ಲಿರುವುದು ಬರಿಯ ಗಾಜು ಮತ್ತು ಲೋಹ. ಶಾಲೆಗಳಿಂದಲೂ ಕಂಪನಿಗಳಿಂದಲೂ ಹೊರಬಿದ್ದ ಟ್ಯಾಬುಗಳಲ್ಲಿ ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಬಂಧನವಿರುತ್ತದೆ: ಸಂಸ್ಥೆಯ ದೂರನಿಯಂತ್ರಣ. ಅಂಗಡಿಯಲ್ಲಿ ತೆರೆದು ತೋರಿಸಿದಾಗ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಪೂರ್ತಿ ಅಳಿಸಿ, ಅಂತರ್ಜಾಲಕ್ಕೆ ಸೇರಿಸಿ, ಹೊಸದಾಗಿ ಸಜ್ಜುಗೊಳಿಸಲು ಹೊರಟಾಗಲೇ ‘ಈ ಸಾಧನ ಇಂಥ ಸಂಸ್ಥೆಯ ಅಧೀನ’ ಎಂಬ ಪರದೆ ಎದುರಾಗುತ್ತದೆ. ಆದುದರಿಂದ ಹಣ ಕೊಡುವ ಮುನ್ನ ಅಂಗಡಿಯವನ ಎದುರಿನಲ್ಲಿಯೇ ಅದನ್ನು ಅಳಿಸಿ, ನಮ್ಮ ಮೊಬೈಲಿನ ಹಾಟ್‌ಸ್ಪಾಟಿನಿಂದ ಮೊದಲಿನಿಂದ ಕೊನೆಯವರೆಗೆ ಸಜ್ಜುಗೊಳಿಸಿ ನೋಡಬೇಕು. ಅರ್ಧ ಗಂಟೆ ಹಿಡಿಯುತ್ತದೆ, ಅಂಗಡಿಯವನು ಬೇಸರಿಸುತ್ತಾನೆ, ಬೇಸರಿಸಲಿ.

ಸಿಮ್ ಹಾಕುವ ಟ್ಯಾಬ್ ಆದರೆ ಅದಕ್ಕೆ 15 ಅಂಕಿಗಳ ಐಎಂಇಐ ಸಂಖ್ಯೆ ಇರುತ್ತದೆ. ಕೇಂದ್ರ ಸರ್ಕಾರ 2023ರ ಮೇ ತಿಂಗಳಲ್ಲಿ ತೆರೆದ ‘ಸಂಚಾರ್ ಸಾಥಿ’ ಜಾಲತಾಣದಲ್ಲಿ, ಅಥವಾ ‘ಕೆವೈಎಂ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಮುಂದೆ ಆ ಸಂಖ್ಯೆಯನ್ನು ಸೇರಿಸಿ 14422ಕ್ಕೆ ಸಂದೇಶ ಕಳುಹಿಸಿ, ಅದು ಕಳವಿನ ಪಟ್ಟಿಯಲ್ಲಿದೆಯೇ ಎಂದು ನಿಮಿಷದೊಳಗೆ ತಿಳಿಯಬಹುದು. ಆದರೆ ಕಡಿಮೆ ಹಣದವರು ಕೊಳ್ಳುವುದು ಬಹುಮಟ್ಟಿಗೆ ವೈಫೈ ಮಾತ್ರ ಇರುವ ಟ್ಯಾಬುಗಳನ್ನು, ಅವುಗಳಿಗೆ ಐಎಂಇಐ ಎಂಬುದೇ ಇಲ್ಲ. ಸರ್ಕಾರದ ಈ ಉತ್ತಮ ವ್ಯವಸ್ಥೆ ಯಾರಿಗೆ ಅತ್ಯಂತ ಅಗತ್ಯವೋ ಅವರ ಬಾಗಿಲವರೆಗೆ ಬಂದು ನಿಂತುಹೋಗಿದೆ. ಅವರಿಗೆ ಉಳಿಯುವ ರಕ್ಷೆ ಬಿಲ್ಲೊಂದೇ. ಭಾರತೀಯ ನ್ಯಾಯ ಸಂಹಿತೆಯ 317ನೆಯ ವಿಧಿಯಂತೆ, ಕಳವಿನ ಮಾಲೆಂದು ತಿಳಿದೋ ಹಾಗೆಂದು ನಂಬಲು ಕಾರಣವಿದ್ದೋ ಅಪ್ರಾಮಾಣಿಕತೆಯಿಂದ ಅದನ್ನು ಪಡೆದವನಿಗೆ ಮೂರು ವರ್ಷದವರೆಗೆ ಸೆರೆವಾಸವಾಗಬಹುದು. ನಂಬಲಾರದಷ್ಟು ಅಗ್ಗದ ಬೆಲೆಗೆ, ಕಾಗದವಿಲ್ಲದೆ ಕೊಂಡವನು ತನ್ನ ಸದುದ್ದೇಶವನ್ನು ಯಾವ ಆಧಾರದಿಂದ ತೋರಿಸಿಯಾನು?

‘ಪಕ್ಕಾ ಬಿಲ್ಲು ಬೇಕಾದರೆ ಹದಿನೆಂಟು ಪರ್ಸೆಂಟ್ ಮೇಲೆ ಕೊಡಿ’ ಎಂಬ ಮಾತು ಎಲ್ಲ ಊರುಗಳ ಹಳೆಯ ಸಾಮಾನಿನ ಅಂಗಡಿಗಳಲ್ಲಿಯೂ ಕೇಳಿಬರುತ್ತದೆ. ಈ ಮಾತಿನಲ್ಲಿ ಅರ್ಥವಿಲ್ಲ. ಹಳೆಯ ವಸ್ತುಗಳ ವ್ಯಾಪಾರಿಗೆ ಜಿಎಸ್‌ಟಿ ನಿಯಮಗಳ 32ನೆಯ ನಿಯಮದ 5ನೆಯ ಉಪನಿಯಮವು ವಿಶೇಷವಾದ ರಿಯಾಯಿತಿಯನ್ನಿತ್ತಿದೆ: ಕೊಂಡಾಗಿನ ತೆರಿಗೆಯ ಜಮೆಯನ್ನು ಪಡೆಯದೆ ಇದ್ದರೆ, ಅವನು ತೆರಿಗೆ ಕಟ್ಟಬೇಕಾದುದು ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ಅಂತರದ ಮೇಲೆ ಮಾತ್ರ. 8,000ಕ್ಕೆ ಕೊಂಡು 9,500ಕ್ಕೆ ಮಾರಿದ ಟ್ಯಾಬಿನ ಮೇಲೆ ತೆರಿಗೆ 1,500ರ ಹದಿನೆಂಟು ಶೇಕಡ, ಎಂದರೆ 270 ರೂ. 1,710 ರೂ. ಕೇಳುವ ವ್ಯಾಪಾರಿ ಒಂದೋ ನಿಯಮ ತಿಳಿಯದವನು, ಇಲ್ಲವೆ ಚೆನ್ನಾಗಿ ತಿಳಿದವನು.

ಇಲ್ಲಿ ಸೂರತ್ತಿನಿಂದ ನಾವು ಕಲಿಯತಕ್ಕ ಪಾಠವೊಂದಿದೆ. ಮಹೀಧರಪುರದ ವಜ್ರದ ಬೀದಿಯಲ್ಲಿ ಲಕ್ಷಗಟ್ಟಲೆ ಬೆಲೆಯ ಹರಳುಗಳು ಮಡಿಸಿದ ಕಾಗದದ ಪೊಟ್ಟಣಗಳಲ್ಲಿ ಕೈಯಿಂದ ಕೈಗೆ ಹೋಗುವುದನ್ನು ಕಂಡವರು ಬೆರಗಾಗುತ್ತಾರೆ. ಆ ವ್ಯವಹಾರದ ಬೆನ್ನೆಲುಬು ‘ಜಾಂಗಡ್’ ಎಂಬ ಪದ್ಧತಿ: ಮಾಲನ್ನು ಒಂದು ಚೀಟಿ ಬರೆದು ಕೊಂಡುಹೋಗುವುದು, ಪರೀಕ್ಷಿಸಿ ಒಪ್ಪಿಗೆಯಾದರೆ ಹಣ ಕೊಡುವುದು, ಇಲ್ಲವಾದರೆ ಮಾಲನ್ನು ಹಿಂದಿರುಗಿಸುವುದು, ಒಪ್ಪಿಗೆಯಾಗುವವರೆಗೂ ಒಡೆತನ ಕೊಟ್ಟವನದೇ. 1930ರ ಸರಕು ಮಾರಾಟ ಕಾಯಿದೆಯ 24ನೆಯ ವಿಧಿಯೂ ಒಪ್ಪಿಗೆಯ ಮೇಲೆ ಕೊಟ್ಟ ಸರಕಿನ ವಿಷಯದಲ್ಲಿ ಬಹುಮಟ್ಟಿಗೆ ಇದನ್ನೇ ಹೇಳುತ್ತದೆ. ಬೆಳಕಿಗೆ ಹಿಡಿದರೆ ದೋಷ ಕಾಣುವ ವಜ್ರಕ್ಕೇ ಇಂಥ ಅವಕಾಶವಿರುವಾಗ, ನಾಲ್ಕು ದಿನ ಬಳಸಿದ ಹೊರತು ದೋಷ ಕಾಣದ ಟ್ಯಾಬ್ಲೆಟ್ಟಿಗೆ ‘ಒಮ್ಮೆ ಮಾರಿದ್ದನ್ನು ಹಿಂದಕ್ಕೆ ಪಡೆಯುವುದಿಲ್ಲ’ ಎಂಬ ಫಲಕವೇಕೆ? ಗಿರಾಕಿಯಿಂದ ಪೂರ್ತಿ ಹಣವನ್ನು ಠೇವಣಿಯಾಗಿಯೇ ಇಟ್ಟುಕೊಳ್ಳಲಿ, ಒಂದು ವಾರದ ಅವಧಿ ಕೊಡಲಿ. ಜಾಂಗಡಿನ ನಾಡಿನಲ್ಲಿ ಇದನ್ನು ಹೊಸದಾಗಿ ಕಲಿಸಬೇಕಾದ ಅಗತ್ಯವೇನೂ ಇರಲಾರದು. ಅಂತರ್ಜಾಲದಲ್ಲಿ ನವೀಕರಿಸಿದ ಟ್ಯಾಬು ಮಾರುವ ದೊಡ್ಡ ಸಂಸ್ಥೆಗಳು ಕೆಲವು ತಿಂಗಳ ಖಾತರಿಯನ್ನೂ ಹಿಂದಿರುಗಿಸುವ ಅವಕಾಶವನ್ನೂ ಕೊಟ್ಟು ಬೀದಿಯ ಅಂಗಡಿಗಳ ಗಿರಾಕಿಗಳನ್ನು ಸೆಳೆಯುತ್ತಿರುವುದರ ಗುಟ್ಟೂ ಇಷ್ಟೇ.

ಗಿರಾಕಿಯ ಎಚ್ಚರವನ್ನು ಕುರಿತು ಇಷ್ಟು ಹೇಳಿದ ಮೇಲೆ ಸರ್ಕಾರದ ಎಚ್ಚರವನ್ನು ಕುರಿತು ಹೇಳದಿರುವುದು ಸರಿಯಲ್ಲ. 2011ರ ಅಕ್ಟೋಬರ್ 5ರಂದು ದೆಹಲಿಯಲ್ಲಿ ‘ಆಕಾಶ್’ ಎಂಬ ಏಳು ಅಂಗುಲದ ಟ್ಯಾಬು ಲೋಕದಲ್ಲೇ ಅತ್ಯಂತ ಅಗ್ಗದ್ದೆಂಬ ಕೀರ್ತಿಯೊಡನೆ ಬಿಡುಗಡೆಯಾಯಿತು. ಬೆರಳಿನಿಂದ ಒತ್ತಿದರೆ ಓಗೊಡಲು ತಡಮಾಡುವ ಅದರ ಪರದೆಯೂ 256 ಎಂಬಿ ನೆನಪೂ ವಿದ್ಯಾರ್ಥಿಗಳ ತಾಳ್ಮೆಯನ್ನು ಕೆಡಿಸಿದವು. 2017ರಲ್ಲಿ ಗುಜರಾತ್ ಸರ್ಕಾರ ‘ನಮೋ ಇ-ಟ್ಯಾಬ್’ ಯೋಜನೆಯನ್ನಾರಂಭಿಸಿ, ಹನ್ನೆರಡನೆಯ ತರಗತಿ ದಾಟಿ ಕಾಲೇಜಿಗೆ ಬಂದವರಿಗೆ 1,000 ರೂ.ಗೆ ಟ್ಯಾಬ್ ಕೊಟ್ಟಿತು. 2021ರಲ್ಲಿ ನಮ್ಮ ಕರ್ನಾಟಕ ಸರ್ಕಾರವೂ ಸರ್ಕಾರಿ ಕಾಲೇಜುಗಳ ಸುಮಾರು 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ ಹಂಚಿತು. ಉದ್ದೇಶಗಳನ್ನು ನಾನು ಹಳಿಯಲಾರೆ. ಆದರೆ ಹಂಚಿಕೆಯ ಸಮಾರಂಭದಲ್ಲಿ ಸಂಖ್ಯೆಯೂ ವೆಚ್ಚವೂ ಘೋಷಿತವಾಗುತ್ತವೆ. ಹಂಚಿದ ಯಂತ್ರ ಎಷ್ಟು ವರ್ಷ ಪರಿಷ್ಕರಣ ಪಡೆಯುತ್ತದೆ, ಆ ವಿದ್ಯಾರ್ಥಿ ಪದವಿ ಮುಗಿಸಿದ ಮೇಲೆ ಅದು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗಳಿಗೆ ವೇದಿಕೆಯ ಮೇಲೆ ಸ್ಥಾನವಿಲ್ಲ. ವಡೋದರದಲ್ಲಿ ಕುಳಿತು ಇದನ್ನು ಯೋಚಿಸುವವನಿಗೆ ಸಯಾಜಿರಾವ್ ಗಾಯಕವಾಡರು ನೆನಪಾಗದಿರರು. 1906ರಲ್ಲಿ ತಮ್ಮ ಸಂಸ್ಥಾನದಾದ್ಯಂತ ಕಡ್ಡಾಯ ಶಿಕ್ಷಣವನ್ನು ಜಾರಿಗೆ ತಂದ ಆ ಅರಸರು, ಓದು ಕಲಿತವನಿಗೆ ಓದಲು ಏನಾದರೂ ಬೇಕಷ್ಟೆ ಎಂದು ಅಮೆರಿಕದಿಂದ ಬೋರ್ಡನ್ ಎಂಬ ಗ್ರಂಥಪಾಲಕರನ್ನು 1910ರಲ್ಲಿ ಕರೆಸಿ, ಪುಸ್ತಕಗಳನ್ನು ಪೆಟ್ಟಿಗೆಗಳಲ್ಲಿ ತುಂಬಿ ಹಳ್ಳಿಹಳ್ಳಿಗೆ ಕಳುಹಿಸುವ ಸಂಚಾರಿ ಗ್ರಂಥಾಲಯಗಳನ್ನು ನಡೆಸಿದರು. ಪೆಟ್ಟಿಗೆ ಹೋಗುತ್ತಿತ್ತು, ಬರುತ್ತಿತ್ತು, ಮತ್ತೆ ಹೋಗುತ್ತಿತ್ತು. ಸರ್ಕಾರದ ಟ್ಯಾಬುಗಳೂ ಹಾಗೆ ಕಾಲೇಜಿಗೆ ಮರಳಿ, ಬ್ಯಾಟರಿ ಬದಲಾಗಿ, ಇನ್ನೊಬ್ಬನ ಕೈಗೆ ಹೋಗುವಂತೆ ಮಾಡುವುದು ಅಸಾಧ್ಯವಾದ ಕೆಲಸವೇನಲ್ಲ; ಬ್ಯಾಟರಿ ಸುಲಭವಾಗಿ ಬದಲಾಗುವಂಥ ಯಂತ್ರವೇ ಬೇಕೆಂದು ಟೆಂಡರಿನಲ್ಲಿಯೇ ಬರೆದರೆ ಸಾಕು.

ಇದಕ್ಕಿಂತಲೂ ಸುಲಭವಾದ, ಬೊಕ್ಕಸಕ್ಕೆ ಕಾಸೂ ಖರ್ಚಿಲ್ಲದ ಇನ್ನೊಂದು ಸುಧಾರಣೆಯುಂಟು. ನಮ್ಮ ದೇಶದಲ್ಲಿ ಪೊಟ್ಟಣದ ಸರಕಿನ ಮೇಲೆ ಗರಿಷ್ಠ ಬೆಲೆಯನ್ನೂ ತಯಾರಾದ ತಿಂಗಳು ವರ್ಷಗಳನ್ನೂ ಅಚ್ಚಿಸಬೇಕೆಂದು 2011ರ ಕಾನೂನು ಮಾಪನ ನಿಯಮಗಳು ವಿಧಿಸುತ್ತವೆ. ಟ್ಯಾಬ್ಲೆಟ್ಟಿನ ಪೆಟ್ಟಿಗೆಯ ಮೇಲೆ ಅದರ ಹುಟ್ಟಿದ ತಿಂಗಳು ಹೀಗೆ ಅಚ್ಚಾಗಿರುತ್ತದೆ. ತಂತ್ರಾಂಶದ ಪೋಷಣೆ ಎಂದಿನವರೆಗೆ ಎಂಬುದು ಮಾತ್ರ ಇರುವುದಿಲ್ಲ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಫೋನುಗಳಿಗೂ ಸಿಮ್ ಹಾಕುವ ಟ್ಯಾಬುಗಳಿಗೂ ರಕ್ಷಣಾ ಪರಿಷ್ಕರಣ ಎಷ್ಟು ಕಾಲ ದೊರೆಯುವುದೆಂದು ತಯಾರಕರು ಬಹಿರಂಗವಾಗಿ ತಿಳಿಸಲೇಬೇಕು. ಐರೋಪ್ಯ ಒಕ್ಕೂಟ ಇನ್ನೂ ಮುಂದೆ ಹೋಗಿ, 2025ರ ಜೂನ್ 20ರಿಂದ ಮಾರುಕಟ್ಟೆಗೆ ಬರುವ ಫೋನು ಟ್ಯಾಬುಗಳಿಗೆ, ಮಾರಾಟ ನಿಂತ ಮೇಲೆಯೂ ಕನಿಷ್ಠ ಐದು ವರ್ಷ ಪರಿಷ್ಕರಣ ಕೊಡಬೇಕೆಂದು ಕಟ್ಟುಮಾಡಿದೆ. ಅದೇ ತಯಾರಕರು, ಅದೇ ಯಂತ್ರಗಳು. ಅಲ್ಲಿಯ ಗಿರಾಕಿಗೆ ಹೇಳಬಹುದಾದುದನ್ನು ಅಹಮದಾಬಾದಿನ ಗಿರಾಕಿಗೆ ಹೇಳಲು ಅವರಿಗೆ ಯಾವ ಹೆಚ್ಚಿನ ಶ್ರಮವೂ ಇಲ್ಲ. ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ದುರಸ್ತಿಯ ಹಕ್ಕಿಗಾಗಿ ಒಂದು ಜಾಲತಾಣವನ್ನು ತೆರೆದಿದೆ. ಆ ಹಕ್ಕಿನ ಮೊದಲ ಅಕ್ಷರವಾಗಿ ಈ ದಿನಾಂಕವನ್ನು ಪೆಟ್ಟಿಗೆಯ ಮೇಲೂ ಯಂತ್ರದ ಬೆನ್ನಿನ ಮೇಲೂ ಅಚ್ಚುಹಾಕಿಸಲಿ. ಪೆಟ್ಟಿಗೆ ಕಳೆದುಹೋಗುತ್ತದೆ, ಬೆನ್ನು ಕಳೆದುಹೋಗುವುದಿಲ್ಲ; ಮೂರನೆಯ ಒಡೆಯನೂ ಅದನ್ನು ಓದಿಕೊಳ್ಳಬಹುದು.

ಈ ಸಲಹೆಯನ್ನು ರಿಲೀಫ್ ರೋಡಿನ ವ್ಯಾಪಾರಿಗಳ ಮುಂದಿಟ್ಟರೆ ಬರಬಹುದಾದ ಆಕ್ಷೇಪ ಊಹೆಗೆ ನಿಲುಕದುದಲ್ಲ: ‘ಸಾಹೇಬ್, ತಾರೀಕು ಬರೆದುಬಿಟ್ಟರೆ ನನ್ನ ಅರ್ಧ ಮಾಲು ಮೂಲೆಗೆ ಬಿದ್ದೀತು.’ ಹಾಗಾಗಲಾರದೆಂದು ನನಗೆ ತೋರುತ್ತದೆ. ಒಂದೇ ವರ್ಷ ಉಳಿದಿರುವ ಟ್ಯಾಬನ್ನು ಮೂರು ವರ್ಷದ್ದೆಂಬ ಬೆಲೆಗೆ ಮಾರುವುದು ನಿಂತೀತು, ಅಷ್ಟೆ. ಬರುವ ಮಾರ್ಚಿನಲ್ಲಿ ಪರೀಕ್ಷೆ ಮುಗಿಸಿ ಲ್ಯಾಪ್‌ಟಾಪಿಗೆ ಹೋಗುವ ಹುಡುಗನಿಗೆ ಒಂದು ವರ್ಷದ್ದು ಸಾಕು. ಸಂಗೀತ ಕಲಿಯುತ್ತಿರುವವಳಿಗೆ ತಂಬೂರಿಯ ಶ್ರುತಿ ನುಡಿಸಲು, ಮುದುಕರಿಗೆ ದೊಡ್ಡ ಅಕ್ಷರದಲ್ಲಿ ಪಿಡಿಎಫ್ ಓದಲು, ತಂತ್ರಾಂಶ ನಿಂತುಹೋದುದೂ ನಡೆದೀತು, ಬ್ಯಾಂಕಿನ ಖಾತೆಯನ್ನು ಮಾತ್ರ ಅದರಲ್ಲಿ ತೆರೆಯದಿದ್ದರಾಯಿತು. ಅಂಥವುಗಳಿಗೆ ಎರಡು ಸಾವಿರವೋ ಎರಡೂವರೆ ಸಾವಿರವೋ ನ್ಯಾಯವಾದ ಬೆಲೆ ತಾನಾಗಿಯೇ ಕುದುರುತ್ತದೆ. ಕಾಯಿದೆ ಬರುವವರೆಗೆ ಕಾಯಬೇಕಾಗಿಯೂ ಇಲ್ಲ: ಮಾದರಿ ಸಂಖ್ಯೆ, ಸೀರಿಯಲ್ ಸಂಖ್ಯೆ, ತಯಾರಾದ ವರ್ಷ, ಈಗ ನಡೆಯುತ್ತಿರುವ ತಂತ್ರಾಂಶದ ಆವೃತ್ತಿ, ಹಿಂದಿರುಗಿಸುವ ಅವಧಿ, ಈ ಐದನ್ನೂ ಬಿಲ್ಲಿನಲ್ಲಿ ಕೈಯಿಂದ ಬರೆದು ರುಜು ಹಾಕಿಕೊಡಿರೆಂದು ಗಿರಾಕಿ ಇಂದೇ ಕೇಳಬಹುದು. ಬರೆದುಕೊಡುವ ಅಂಗಡಿ ಆ ಸಾಲಿನಲ್ಲಿ ಒಂದಾದರೂ ಇದ್ದರೆ ಐನೂರು ರೂಪಾಯಿ ಹೆಚ್ಚಾದರೂ ಅಲ್ಲಿಯೇ ಕೊಳ್ಳತಕ್ಕುದು.